ಹಾಲು ಒಡೆದ ಸುದ್ದಿ

"ಕದ್ದ ಮಾಲು ಮಾರಾಕ ನಾಚಿಕಿ ಬರಂಗಿಲ್ಲೇನ್ರಿ?"

ಸಿಂಧನೂರು ಬಸ್ ಸ್ಟ್ಯಾಂಡಿನೆದುರಿನ ಮಿಠಾಯಿ ಅಂಗಡಿಯಲ್ಲಿ ಕಲಾಕಂದ ಬಾಯಿಗಿಟ್ಟ ಸೂಗಮ್ಮ ಸಿಡಿದಳು. ಎಂಬತ್ತೆಂಟರ ಬೇಸಿಗೆ. ಹಲಗೆಯ ಮೇಲೆ ಬರೆದಿತ್ತು: 'ಲಿಂಗಸುಗೂರಿನ ಅಸಲಿ ಕಲಾಕಂದ'.

"ಇದು ಮಸ್ಕಿದು! ನಮ್ಮಜ್ಜಿ ಯಮನಮ್ಮ ಮೊದಲು ಮಾಡಿದ್ದು!"

"ನಮ್ಮಪ್ಪ ಮೊದಲು ಮಾಡಿದ್ದು ರೀ. ಇನ್ನೊಂದು ಚೂರು ತಿಂದು ಬೈರಿ," ಎಂದು ನಕ್ಕ, ಅಂಗಡಿಯ ಯಂಕೋಬ.

ಆ ನಗು... ಬೈಯಲೆಂದೇ ಅವಳು ಮಸ್ಕಿಯಿಂದ ಸಂತೆಗೊಮ್ಮೆ ಸಿಂಧನೂರಿಗೆ ಹೋಗತೊಡಗಿದಳು!

ಆದರೆ ಕಲಾಕಂದ ಯಾರದೆಂಬ ಜಗಳದಲ್ಲಿ ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಅಪ್ಪ ಏನಂದ ಅಂತ ಕಂಡಕ್ಟರ್ ಮಹಮ್ಮದಸಾಬರ ಕೂಡ ಸುದ್ದಿ ಕಳಸ್ತೀನಿ. ನೀ ಹೂಂ ಅಂದ್ರ ಹೆಣ್ಣು ಕೇಳಾಕ ಬರ್ತೀವಿ," ಎಂದಿದ್ದ ಯಂಕೋಬ.

ಸುದ್ದಿ ಬಂತು.

"ತಂಗಿ, 'ಹಾಲು ಒಡದಾವ' ಅಂತ ಹೇಳು ಅಂದಾನ. ಅಷ್ಟ."

ಸೂಗಮ್ಮನ ಮನೆಯಲ್ಲಿ ಆ ಮಾತು ಅಪಶಕುನ. ಒಲೆಯ ಮೇಲೆ ಹಾಲು ಒಡೆದರೂ 'ತಿರುಗ್ಯಾವ' ಎನ್ನಬೇಕು. ಒಡೆಯಿತು ಎಂದರೆ ಸಂಬಂಧ ಮುರಿದಂತೆ!

"ತಿಳೀತು ಅನ್ರಿ... ಯಾರೂ ಬರೋದು ಬ್ಯಾಡ ಅನ್ರಿ."

ಯಂಕೋಬ ಸಿಂಧನೂರಿನ ಅಂಗಡಿ ಮುಚ್ಚಿ ಲಿಂಗಸುಗೂರಿಗೆ, ಅಪ್ಪನ ಬಳಿಗೆ ಹೋದನಂತೆ. ಬಂದ ಗಂಡುಗಳನ್ನೆಲ್ಲ ಸೂಗಮ್ಮ ಒಲ್ಲೆ ಎಂದಳು.

ಎರಡು ವರ್ಷದ ಮೇಲೆ ಹಟ್ಟಿಯ ಚಿಕ್ಕಮ್ಮನಲ್ಲಿಗೆ ಹೊರಟವಳು ಲಿಂಗಸುಗೂರಿನಲ್ಲಿ ಬಸ್ ಬದಲಿಸಲು ಇಳಿದಳು. ಪಕ್ಕದ ಮಿಠಾಯಿ ಅಂಗಡಿಯೊಳಗಿಂದ ಮುದುಕನೊಬ್ಬ ಹಿಗ್ಗಿ ಕೂಗಿದ:

"ಯಂಕೋಬಾ! ಹಾಲು ಒಡದಾವ ಲೇ! ಛಲೋ ಒಡದಾವ!"

ಅವಳ ಕಾಲು ನಿಂತವು. ಲಿಂಬೆ ರಸದ ಬಟ್ಟಲು ಹಿಡಿದು ಹೊರಬಂದ ಯಂಕೋಬನೂ ನಿಂತ.

"ಅದು... ಕೆಟ್ಟ ಸುದ್ದಿ ಅಲ್ಲೇನು?"

"ಕೆಟ್ಟದ್ದಾ? ಹಾಲು ಒಡೀಲಿಲ್ಲಂದ್ರ ಕಲಾಕಂದ ಎಲ್ಲಿಂದ ಬರ್ಬೇಕು! ಅಪ್ಪ ಒಪ್ಪ್ಯಾನ ಅಂತ ಹಿಗ್ಗಿ ಹೇಳಿ ಕಳಿಸಿದ್ದೆ. ನೀನ ಬ್ಯಾಡ ಅಂದಿ..."

ಸೂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ನಿನ್ನ ಮದುವಿ...?"

"ನಿನ್ನ ಬೈಗಳ ಇಲ್ದ ಉಂಡದ್ದು ರುಚಿ ಹತ್ತಲಿಲ್ಲ. ಈಗರ ಹೇಳು, ಕಲಾಕಂದ ಯಾರ್ದು?"

"ನಿಮ್ಮಪ್ಪಂದು," ಎಂದಳು ಮೆಲ್ಲಗೆ.

"ಅಲ್ಲ, ನಿಮ್ಮಜ್ಜಿದು!"

"ಮತ್ತ ಜಗಳೇನು? ಹೆಣ್ಣು ಕೇಳಾಕ ಬರ್ರಿ. 'ಹಾಲು ಒಡದಾವ' ಅಂತ ಅಜ್ಜಿಗೆ ನಾನ ಹೇಳ್ತೀನಿ."

ಯಂಕೋಬ ಗಾಬರಿಯಾದ. "ಅಯ್ಯ ಮಾರಾಯ್ತಿ, ಅಜ್ಜಿ ಮುಂದ 'ತಿರುಗ್ಯಾವ' ಅನ್ನು!"