ಖಾಲಿಯಾದ ಸೀಟುಗಳು

"ಸಂಜಿ ಬಸ್ಸಿನ ಸೀಟೆಲ್ಲಾ ಖಾಲಿ ತೋರಸಾಕತ್ತಾವಂತ! ಏನ್ ಮಾಡೀರಿ ನೀವು?"

ಮಾಲೀಕ ಅಮರೇಶಪ್ಪ ಫೋನು ಕಿವಿಗೆ ಹಿಡಿದುಕೊಂಡೇ ಕೂಗಿದರು. ನಲಿನಿಯ ಕೈ ಕೀಬೋರ್ಡಿನ ಮೇಲೆ ನಿಂತಲ್ಲೇ ನಿಂತಿತು. ತಾನು ಈಗಷ್ಟೇ ಖಾಲಿ ಮಾಡಿದ್ದು ತನ್ನ ಕಂಪ್ಯೂಟರಿನಲ್ಲಿದ್ದ ನಕಲನ್ನಲ್ಲವೇ?

ಮೆಹದಿಪಟ್ಟಣಂ ಬಡಾವಣೆಯ ಬೇಕರಿಯೊಂದರ ಮೇಲಿನ ಎರಡು ಕೋಣೆಗಳೇ ಅವರ ವೆಬ್‌ಸೈಟ್ ಕಂಪನಿ. ರಾಯಚೂರು ಕಡೆ ಹೋಗುವ ಖಾಸಗಿ ಬಸ್ಸುಗಳ ಟಿಕೆಟ್ ಸೈಟನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕಟ್ಟಿದವರು ಅವರೇ. ದಸರಾ ಹತ್ತಿರ ಬಂದಿತ್ತು. ಬಸ್ಸುಗಳೆಲ್ಲ ತುಂಬಿದ್ದವು.

ಆ ಆಫೀಸಿನದೊಂದು ಪದ್ಧತಿ. ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪರೀಕ್ಷೆಗೆಂದು ಸೈಟಿನ ನಕಲಿರುತ್ತಿತ್ತು, ಅದನ್ನೂ ಅಸಲಿ ವಿಳಾಸದಿಂದಲೇ ತೆರೆಯುತ್ತಿದ್ದರು. ಹೋಸ್ಟ್ಸ್ ಎಂಬ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಕಂಪ್ಯೂಟರು ಆ ವಿಳಾಸವನ್ನು ಇಂಟರ್ನೆಟ್ಟಿನಲ್ಲಿ ಹುಡುಕದೆ ತನ್ನೊಳಗೇ ತೆರೆಯುತ್ತದೆ. ಸಾಲು ಇರುವತನಕ ಏನು ಅಳಿಸಿದರೂ ಯಾರಿಗೂ ನಷ್ಟವಿಲ್ಲ. ಅದನ್ನು ತೆಗೆದರೆ ಅಸಲಿ ಸೈಟೇ ತೆರೆದುಕೊಳ್ಳುತ್ತದೆ. ನೋಡಲು ಎರಡೂ ಒಂದೇ.

ನಲಿನಿ ಆ ಫೈಲು ತೆರೆದಳು. ಸಾಲು ಇರಲಿಲ್ಲ. ಬೆಳಿಗ್ಗೆ ಅವಳು ಚಹಾ ಕುಡಿದು ಬರುವಾಗ ಸಹೋದ್ಯೋಗಿ ಶಿವಪ್ರಕಾಶ ಅವಳ ಕುರ್ಚಿಯಲ್ಲಿ ಕುಳಿತು ಅಸಲಿ ಸೈಟು ಪರೀಕ್ಷಿಸುತ್ತಿದ್ದ. ತೆಗೆದವನು ಮರಳಿ ಬರೆದಿರಲಿಲ್ಲ.

ಪಕ್ಕದ ಮೇಜಿನಿಂದ ಅವನೂ ಅವಳ ಪರದೆಯನ್ನೇ ನೋಡುತ್ತಿದ್ದ. ಮುಖ ಬಿಳುಚಿಕೊಂಡಿತ್ತು. ಗೊತ್ತಾಗಿದೆ ಇವರಿಗೆ, ಅಂದುಕೊಂಡಳು ನಲಿನಿ. ತಾವಾಗಿಯೇ ಹೇಳಲಿ.

"ನನ್ನ ಹತ್ರ ಬೆಳಗಿನ ಕಾಪಿ ಐತ್ರಿ ಸರ್," ಎಂದ ಶಿವಪ್ರಕಾಶ. "ಬಸ್ ಬಿಡೂದ್ರಾಗ ಸೀಟೆಲ್ಲಾ ತಿರುಗಿ ಹಾಕತೀನಿ."

"ಹಾಕು. ಮಾಡಿದವರ್ಯಾರು?"

ನಲಿನಿ ಕಾದಳು. ಅವನು ತಲೆ ತಗ್ಗಿಸಿ ಕೀಲಿಗಳನ್ನು ಒತ್ತತೊಡಗಿದ. ನಲಿನಿಯೇ ಎದ್ದು ನಿಂತಳು.

"ಅಳಿಸಿದ್ದು ನಾನ್ರಿ ಸರ್."

"ಹಂಗಾದ್ರ ನಾಳಿಂದ ಬರಬ್ಯಾಡವ್ವಾ. ಇದೊಂದು ಮುಗಿಸಿ ನಡಿ."

ಊರಿನ ಇನ್ನೊಂದು ತುದಿಯ ಕುಷಾಯಿಗೂಡದ ಮನೆಯಲ್ಲಿ ಅಪ್ಪ ಅವಳಿಗೆ ಮಾತು ಕೊಟ್ಟಿದ್ದರು, ಕೆಲಸ ಇರುವತನಕ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು. ಕೆಲಸ ಹೋದರೆ ಸಿಂಧನೂರಿನ ಗೊಬ್ಬರದಂಗಡಿಯ ವರ ತಯಾರಾಗಿದ್ದ. ಆ ಮಾತನ್ನು ನಂಬಿಯೇ ಅವಳು ಶಿವಪ್ರಕಾಶನ ಪಕ್ಕ ಕುಳಿತು, ಅವನು ನೋಡಿದಾಗ ಕಣ್ಣು ತಪ್ಪಿಸಿ, ಅವನು ನೋಡದಿದ್ದಾಗ ಕಣ್ತುಂಬ ನೋಡಿ, ಹಾಯಾಗಿದ್ದಳು. ಇದೆಲ್ಲ ಅವನಿಗೆ ಗೊತ್ತಿತ್ತು, ಕಳ್ಳನೋಟದ ಸಂಗತಿಯೊಂದನ್ನು ಬಿಟ್ಟು. ಅದೂ ಗೊತ್ತಿತ್ತೋ ಏನೋ! ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ.

ಬೆಳಗಿನ ಕಾಪಿಯ ನಂತರ ಜನ ಕೊಂಡ ಟಿಕೆಟ್‌ಗಳು ಈಮೇಲಿನಲ್ಲಿದ್ದವು. ಅವಳು ಓದಬೇಕು, ಅವನು ತುಂಬಬೇಕು. ಇಬ್ಬರ ಕುರ್ಚಿಗಳೂ ಒತ್ತಿಕೊಂಡಿದ್ದವು.

"ಗದಿಗೆಮ್ಮ, ಕಿಟಕಿ ಸೀಟು. ಹುಲಗೇಶ, ಕೊನೇ ಸಾಲು."

"ದನಿ ಯಾಕ ಹಿಂಗಾತ್ರಿ?"

"ಟೈಪ್ ಮಾಡ್ರಿ."

"ಒಮ್ಮಿ ಈ ಕಡೆ ನೋಡ್ರಿ."

"ನೋಡೂದು ಮುಗೀತ್ರಿ."

ಅವನ ಬೆರಳುಗಳು ಒಂದು ಗಳಿಗೆ ತಡೆದು ಮತ್ತೆ ಓಡಿದವು. ಅಳು ಬಂದಾಗಲೆಲ್ಲ ನಲಿನಿ ಇನ್ನೊಂದು ಹೆಸರು ಓದಿದಳು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಸೀಟು ತುಂಬಿತು. ಬಸ್ಸಿನವರು ಫೋನು ಮಾಡಿ ಎಲ್ಲ ಸರಿಯಾಯಿತೆಂದರು. ಆಗ ಶಿವಪ್ರಕಾಶ ಎದ್ದು ನಿಂತ.

"ಸರ್, ಈಗ ಹೇಳತೀನಿ. ನಲಿನಿಯವ್ರ ಕಂಪ್ಯೂಟರಿನಾಗಿನ ಸಾಲು ತಗದಾಂವ ನಾನು. ತಿರುಗಿ ಹಾಕೂದು ಮರತೆ. ಅವರದೇನೂ ತಪ್ಪಿಲ್ಲ."

"ಆಗ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರ ಅದೇ ಸಿಟ್ಟಿನಾಗ ನನ್ನ ಹೊರಗ ಹಾಕತಿದ್ರಿ. ಸೀಟು ಯಾರು ತುಂಬತಿದ್ರು?"

ಅಮರೇಶಪ್ಪ ಉರಿದುಬಿದ್ದರು. "ಈಗ ಹಾಕತೀನಿ. ನಡಿ ಹೊರಗ!" ಆಮೇಲೆ ನಲಿನಿಯತ್ತ ತಿರುಗಿ, ದನಿ ತಗ್ಗಿಸಿ, "ನೀ ನಾಳಿ ಬಾರವ್ವಾ," ಎಂದರು.

ಅವಳು ಮೆಟ್ಟಿಲುಗಳನ್ನು ಓಡುತ್ತಲೇ ಇಳಿದಳು. ಬೇಕರಿಯ ಮುಂದೆ ಅವನು ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದ.

"ನನಗರ ಒಂದು ಮಾತು ಹೇಳಬಾರದಿತ್ತಾ? ಇಡೀ ಮಧ್ಯಾಹ್ನ ಜೀವ ಹಿಂಡಿದ್ರಿ!"

"ಹೇಳಿದ್ರ ಸುಮ್ನಿರತಿದ್ರೇನು? ಸರ್ ಜೋಡಿ ಜಗಳಕ್ಕ ನಿಲ್ಲತಿದ್ರಿ."

ನಿಜವಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ನಿಮ್ಮ ಕೆಲಸ ಉಳೀತಲ್ಲ, ಸಾಕು," ಎಂದ ಅವನು. ನಂತರ ಬಸ್ಸುಗಳ ಗದ್ದಲದತ್ತ ನೋಡುತ್ತ, "ಕೆಲಸಿಲ್ಲದಾಂವ ನಿಮ್ಮಪ್ಪಾರ ಮುಂದ ಹೆಂಗ ಬರಲಿ ಅನ್ನೂದೊಂದು ಚಿಂತಿ," ಎಂದ.

ನಲಿನಿ ಒಂದು ಹೆಜ್ಜೆ ಹತ್ತಿರ ಬಂದಳು. "ಬರೂ ವಿಚಾರ ಇತ್ತಾ?"

"ದಸರಾ ಮುಗೀಲಿ ಅಂತಿದ್ದೆ. ನೀವಿಲ್ಲದ ನನಗ ಆಗೂದಿಲ್ಲರಿ."

ಬೇಕರಿಯವನು ಬಿಸ್ಕತ್ತು ತೂಗುವುದು ಬಿಟ್ಟು ಇವರನ್ನೇ ನೋಡುತ್ತಿದ್ದ. ನೋಡಲಿ ಬಿಡು ಎಂದುಕೊಂಡು ಅವಳು ಶಿವಪ್ರಕಾಶನ ಅಂಗಿಯ ತೋಳು ಹಿಡಿದಳು. ಎಷ್ಟು ದಿನದಿಂದ ಹಿಡಿಯಬೇಕೆಂದಿದ್ದಳೋ!

"ಈ ಊರಾಗ ದಿನಕ್ಕೊಂದು ಕಂಪನಿ ತೆರ್ಯಾಕತ್ತಾವ. ನಿಮಗ ಸಿಗೂತನಕ ನನ್ನ ಕೆಲಸ ನಮ್ಮಪ್ಪನ್ನ ತಡೀತೈತಿ. ಈ ಐತವಾರ ಮನಿಗೆ ಬರ್ರಿ."

"ಕೆಲಸ ಹೋಗಿದ್ದು?"

"ಹೊಸ್ತಿಲ ಮ್ಯಾಲ ನಿಂತಾಗ ಹೇಳಿಬಿಡ್ರಿ," ಎಂದಳು ನಲಿನಿ. ಈಗ ಕಣ್ಣು ತಪ್ಪಿಸಲಿಲ್ಲ. "ಸಂಜೀತನಕ ಕಾಯೂದು ಇನ್ನೊಮ್ಮಿ ನನ್ನ ಕೈಲಿ ಆಗೂದಿಲ್ಲ."