ಕೆಂಪು ಗುಂಡಿಗೆ ಬೀಗ

ಖಾಲಿ ಕೈಗವಸೊಂದಕ್ಕಾಗಿ ಯಂತ್ರ ನಿಲ್ಲಿಸಿದಳೆಂದು ಅವಳನ್ನು ಇಸ್ತ್ರಿ ಯಂತ್ರದ ಬಳಿಯಿಂದ ಎಬ್ಬಿಸಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಸಿ ಕೂರಿಸಿದರು. ದಿಂಬಿನ ಚೀಲ ಮಡಿಸುವ ಕೆಲಸ ಕೊಟ್ಟರು. ಯಾರ ಜೊತೆಗೂ ಮಾತಾಡಕೂಡದು ಎಂದರು.

ಆಸ್ಪತ್ರೆಗಳ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ಒದ್ದೆ ಬೆಡ್‌ಶೀಟಿನ ಎರಡು ತುದಿಗಳನ್ನು ಇಬ್ಬರು ಹೆಂಗಸರು ಹಿಡಿದು ಕಾದ ಉರುಳೆಗಳ ನಡುವೆ ಬಿಟ್ಟರೆ, ಆಚೆ ಕಡೆಯಿಂದ ಅದು ಕಾಗದದಂತೆ ನೆಟ್ಟಗೆ ಬರುತ್ತದೆ. ಬೆರಳು ಹೋದರೆ ಬೆರಳೂ ಹಾಗೆಯೇ. ಅದಕ್ಕೆಂದೇ ಪಕ್ಕದಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಉರುಳೆ ನಿಲ್ಲುತ್ತದೆ, ಒಳಗಿದ್ದ ಬೆಡ್‌ಶೀಟ್ ಸುಟ್ಟು ಹಳದಿಯಾಗುತ್ತದೆ, ಮತ್ತೆ ಓಡಿಸಲು ಮೆಕ್ಯಾನಿಕ್ ಬರಬೇಕಾಗುತ್ತದೆ.

ಮೆಕ್ಯಾನಿಕ್‌ಗೆ ಹೆಂಗಸರು ಇಟ್ಟ ಹೆಸರು ನಿಧಾನಪ್ಪ. ಟೀ ಬೇಕಾ ಎಂದು ಕೇಳಿದರೆ ಅದು ಆರಿದ ಮೇಲೆ ಹೂಂ ಅನ್ನುವ ಆಸಾಮಿ. ಅವಳಿಗೆ ಇಟ್ಟ ಹೆಸರು ಸ್ವಿಚ್ಚು.

ಅವರಿಬ್ಬರು ಮೊದಲು ಮಾತಾಡಿದ್ದು ಅವಳ ಅತ್ತಿಗೆಯ ತೋಳು ಯಂತ್ರಕ್ಕೆ ಸಿಕ್ಕ ದಿನ. ಅತ್ತಿಗೆ ಬೆಡ್‌ಶೀಟಿನ ಆ ತುದಿ, ಇವಳು ಈ ತುದಿ. ರವಿಕೆಯ ತೋಳು ಉರುಳೆಗೆ ತಾಗಿತೋ ಇಲ್ಲವೋ, ಇವಳ ಅಂಗೈ ಗುಂಡಿಯ ಮೇಲಿತ್ತು. ಅತ್ತಿಗೆ ಕಿರುಚಿದ್ದು ಆಮೇಲೆ.

ಅವನು ಬಂದು, ಮಂಡಿಯೂರಿ, ಹಿಡಿಕೆ ತಿರುಗಿಸಿ ಉರುಳೆಯನ್ನು ಮೇಲೆತ್ತುತ್ತಿದ್ದ. ಆವಿಯ ಆಚೆಯಿಂದ ಅವಳ ದನಿ ಬಂತು.

"ನಿಮ್ಮ ಕಿವಿ ಚೆನ್ನಾಗಿದೆ."

"ಏನು?"

"ಸಾರಿ. ಬಾಯಿಗೆ ಬಂದ್ಬಿಡ್ತು." ನಾಲಿಗೆ ಕಚ್ಚಿಕೊಂಡಳು. "ಅಲ್ಲ, ಸಾರಿ ಯಾಕೆ? ಚೆನ್ನಾಗೇ ಇದೆಯಲ್ಲ."

"ಇವಳ ಬಾಯಿಗೆ ಬಾಗಿಲೇ ಇಲ್ಲ ಕಣಪ್ಪ, ಬೇಜಾರು ಮಾಡ್ಕೋಬೇಡ," ಎಂದಳು ಅತ್ತಿಗೆ, ಪಾರಾದ ತೋಳನ್ನು ಸವರಿಕೊಳ್ಳುತ್ತ.

ಅಂದು ಸಂಜೆ ಅವನು ಕನ್ನಡಿಯಲ್ಲಿ ಕಿವಿ ನೋಡಿಕೊಂಡ. ಹುಟ್ಟಿದಾಗಿನಿಂದ ಜೊತೆಗಿದ್ದ ಕಿವಿ, ಅಂದೇ ಪರಿಚಯವಾದಂತಿತ್ತು.

ಆಮೇಲೆ ಅವನ ಕಣ್ಣು ಅವಳ ಹಿಂದೆಯೇ. ಒಂದು ಗುಟ್ಟು ಅವನಿಗೆ ಸಿಕ್ಕಿತು: ಮಾತು ಹೊರಡುವ ಮುಂಚೆ ಅವಳ ಎಡಹುಬ್ಬು ಒಂಚೂರು ಏರುತ್ತದೆ. ಹುಬ್ಬು ಏರಿ ಮಾತು ಬೀಳುವುದರೊಳಗೆ ಬೇರೆಯವರಿಗೆ ಉಸಿರಾಡಲೂ ಜಾಗವಿಲ್ಲ. ಅವನಿಗೆ ಅಷ್ಟೇ ಜಾಗದಲ್ಲಿ ಒಂದು ಮನೆ ಮಾಡಿಕೊಂಡಿರಬೇಕು ಅನಿಸತೊಡಗಿತು.

ಇನ್ನೊಂದು ದಿನ ಯಂತ್ರ ನಿಂತಿತು. ಏನೂ ಸಿಕ್ಕಿರಲಿಲ್ಲ. ಏನೋ ಶಬ್ದ ಬಂತಂತೆ. ಅವನು ಹಿಡಿಕೆ ತಿರುಗಿಸುತ್ತಿರುವಾಗ ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ನನಗೆ ಎಡಿಎಚ್‌ಡಿ ಇದೆ. ಹೋದ ವರ್ಷ ಡಾಕ್ಟರು ಹೇಳಿದ್ರು. ಅಲ್ಲೀವರೆಗೆ ಮನೇಲಿ ಕೊಬ್ಬು ಅಂತಿದ್ರು."

"ಹಾಗಂದ್ರೆ?"

"ಅನಿಸೋದಕ್ಕೂ ಮಾಡೋದಕ್ಕೂ ನಡುವೆ ಎಲ್ಲರಿಗೂ ಒಂದು ಹೊಸಿಲು ಇರುತ್ತೆ ನೋಡಿ. ಅಲ್ಲಿ ನಿಂತು ಆ ಕಡೆ ಈ ಕಡೆ ನೋಡ್ತಾರೆ. ನಾನು ದಾಟಿ ಆದ್ಮೇಲೆ ತಿರುಗಿ ನೋಡ್ತೀನಿ." ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದಳು. "ಹೀಗೇ ಕೋಪದಲ್ಲಿ ಕೆಲಸ ಬಿಟ್ಟಿದ್ದೀನಿ. ಗೆಳತಿಯ ಗುಟ್ಟನ್ನ ಅವಳ ಅತ್ತೆ ಮುಂದೇನೇ ಹೇಳಿ ಗೆಳತೀನ ಕಳ್ಕೊಂಡೆ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಮಾತ್ರೆ ತಗೊಂಡ್ರೆ ಸ್ವಲ್ಪ ವಾಸಿ, ಅಷ್ಟೇ."

ಅವನು ತಲೆಯಾಡಿಸಿದ. ಹುಬ್ಬು ಏರಿತು.

"ನಿಮ್ಮನ್ನ ಕಂಡ್ರೆ ನನಗಿಷ್ಟ. ಮದುವೆ ಆಗೋಣ್ವಾ?"

ಹಿಡಿಕೆ ಅವನ ಕೈಯಲ್ಲೇ ನಿಂತಿತು. ಎದೆ ಹೂಂ ಅಂದಿತ್ತು. ಬಾಯಿ ಅಭ್ಯಾಸದಂತೆ ಬೇರೆಯದನ್ನೇ ಆಡಿತು.

"ಯೋಚನೆ ಮಾಡಿ ಹೇಳು."

ಅವಳ ಮುಖದ ಬೆಳಕು ಇಳಿಯಿತು.

"ನೀವೂನಾ? ಬೇಗ ಬಂದ ಮಾತು ಅಂದ್ರೆ ಹಗುರದ ಮಾತು ಅಂತ ನಿಮಗೆ ಯಾರು ಹೇಳಿದ್ದು? ಎಷ್ಟು ದಿನದಿಂದ ಒಳಗಿತ್ತೋ ನನಗೆ ಗೊತ್ತು. ಆಚೆ ಬಂದಿದ್ದು ಮಾತ್ರ ಬೇಗ."

ಎದ್ದು ಹೋದಳು. ಆಮೇಲೆ ಅವನತ್ತ ನೋಡಲಿಲ್ಲ. ಮುಂದಿನ ವಾರ ಉರುಳೆಯ ಬಾಯಲ್ಲೊಂದು ಕೈಗವಸು ಕಂಡು ಗುಂಡಿ ಒತ್ತಿದಳು. ಗವಸಿನೊಳಗೆ ಕೈ ಇರಲಿಲ್ಲ. ಅವಳನ್ನು ಗೋಡೆಗೆ ತಿರುಗಿಸಿದರು.

ಈಗ ಅವನಿಗೆ ಕಾಣುವುದು ಅವಳ ಬೆನ್ನು, ಜಡೆ, ಮೇಜಿನ ಕೆಳಗೆ ಒಂದೇ ಸಮ ಕುಣಿಯುವ ಪಾದ. ದಿಂಬಿನ ಚೀಲದ ಗಂಟು ಇಳಿಸುವ ನೆಪದಲ್ಲಿ ಹತ್ತಿರ ಹೋದ.

"ತಪ್ಪು ನನ್ನದು," ಎಂದ ಮೆಲ್ಲಗೆ.

"ನನ್ನ ಜೊತೆ ಮಾತಾಡಕೂಡದಂತೆ," ಎಂದಳು ಗೋಡೆಗೆ.

"ಹೌದಂತೆ."

"ಮತ್ತೆ ಯಾಕೆ ನಿಂತಿದ್ದೀರಿ?"

ಅವನು ಇಳಿಸಿದ ಗಂಟಿನ ದಾರ ಬಿಚ್ಚತೊಡಗಿದ. ಅವಳ ಭುಜ ಅಲುಗಿತು. ನಗುವೋ ಅಳುವೋ ತಿಳಿಯುವ ಮುಂಚೆ ಸೂಪರ್‌ವೈಸರ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ. ಕೈಯಲ್ಲೊಂದು ಉಕ್ಕಿನ ಡಬ್ಬಿ, ಅದಕ್ಕೊಂದು ಬೀಗ.

"ಗುಂಡಿಯ ಮೇಲೆ ಇದು ಕೂರುತ್ತೆ. ಬೀಗದ ಕೈ ನನ್ನ ಹತ್ರ. ಯಂತ್ರ ನಿಲ್ಲಿಸ್ಬೇಕಂದ್ರೆ ನನ್ನ ಕೇಳಿ."

"ನೀವು ಬರೋವರೆಗೆ ಬೆರಳು ಕಾಯ್ತಾ ಕೂರುತ್ತಾ ಸಾರ್?" ಎಂದಳು ಅತ್ತಿಗೆ. ಹೆಂಗಸರು ನಕ್ಕರು.

"ನಿಮ್ಮ ನಾದಿನಿಯಿಂದ್ಲೇ ಇದೆಲ್ಲ. ತಲೆ ನೆಟ್ಟಗಿಲ್ಲದವರ ಕೈಗೆ ಗುಂಡಿ ಕೊಟ್ರೆ ಹೀಗೇ."

ಮೂಲೆಯಲ್ಲಿ ಕುರ್ಚಿ ಕಿರ್ರೆಂದಿತು. ಅವಳು ಗೋಡೆಗೆ ಬೆನ್ನು ಹಾಕಿ ನಿಂತಿದ್ದಳು.

"ತಲೆ ನೆಟ್ಟಗೇ ಇದೆ ಸಾರ್, ಬೇಗ ಓಡುತ್ತೆ ಅಷ್ಟೇ. ಗವಸಲ್ಲಿ ಕೈ ಇದೆ ಅನ್ಕೊಂಡೆ. ಖಾಲಿ ಹೌದೋ ಅಲ್ವೋ ಅಂತ ನೋಡ್ತಾ ನಿಲ್ಲಬೇಕಿತ್ತಾ?"

ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಗೆದ್ದಿದ್ದಳು. ಹುಬ್ಬು ಏರುವುದನ್ನು ಅವನೊಬ್ಬನೇ ಕಂಡ. ಬೇಡ, ಬೇಡ ಎಂದು ಮನಸ್ಸಿನಲ್ಲೇ ಕೈ ಮುಗಿದ.

"ಒಂದ್ಸಲ ಮಾತ್ರ ಇವರನ್ನ ನೋಡ್ಬೇಕು ಅನಿಸಿ ಒತ್ತಿದ್ದೆ," ಎಂದಳು ಮೆಕ್ಯಾನಿಕ್‌ನತ್ತ ಕೈ ತೋರಿ.

"ಅಯ್ಯೋ ಮಹಾತಾಯಿ!" ಅತ್ತಿಗೆ ಹಣೆ ಚಚ್ಚಿಕೊಂಡಳು.

ಸೂಪರ್‌ವೈಸರನ ಮುಖ ಅರಳಿತು. "ಕೇಳಿದ್ರಾ ಎಲ್ಲರೂ? ಅವಳ ಬಾಯಿಂದ್ಲೇ ಬಂತು!"

"ಬಂತು," ಎಂದಳು ಅವಳು. ಕೆನ್ನೆ ಕೆಂಪಾಗಿತ್ತು, ದನಿ ನಡುಗಲಿಲ್ಲ. "ಅದು ತಪ್ಪು. ಅದಕ್ಕೆ ನನ್ನ ಗೋಡೆ ಮುಂದೆ ಕೂರಿಸಿ, ಕೂರ್ತೀನಿ. ನನ್ನ ತಪ್ಪಿಗೆ ಇವರೆಲ್ಲರ ಕೈ ಯಾಕೆ ಒತ್ತೆ ಇಡ್ತೀರಿ?"

ನಿಧಾನಪ್ಪ ಸುತ್ತ ನೋಡಿದ. ಇಷ್ಟು ಜನ ಒಂದೊಂದು ಮಾತನ್ನೂ ತೂಗಿ, ಅಳೆದು, ಕೊನೆಗೆ ನುಂಗಿಕೊಂಡು ಬದುಕಿದ್ದರು. ಅವನೂ ಅಷ್ಟೇ. ತನಗೇ ಮುಳುವಾಗುವ ನಿಜವನ್ನು ತಲೆಯೆತ್ತಿ ಹೇಳಿದವಳು ಅವಳೊಬ್ಬಳೇ. ಇಂಥವಳು ತನ್ನನ್ನು ಕೇಳಿದ್ದಳಲ್ಲ! ಅವನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

"ನಿಂತು ಏನು ನೋಡ್ತೀಯ? ಡ್ರಿಲ್ ತಗೋ, ಡಬ್ಬಿ ಕೂರಿಸು," ಎಂದ ಸೂಪರ್‌ವೈಸರ್.

ಅವನು ಡ್ರಿಲ್ ಎತ್ತಿಕೊಂಡ. ತಂತಿಯನ್ನು ಸುತ್ತಿದ. ಮತ್ತೆ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದ. ಎಲ್ಲವನ್ನೂ ಎಂದಿನ ನಿಧಾನದಲ್ಲಿ.

"ಇವಳನ್ನ ಮದುವೆ ಆಗ್ತೀನಿ," ಎಂದ. "ಡಬ್ಬಿ ಕೂರಿಸಲ್ಲ."

ಅವಳು ಬಾಯಿ ತೆರೆದಳು. ಮಾತೇ ಹೊರಡಲಿಲ್ಲ. ಅತ್ತಿಗೆ ಅವಳ ಬಾಯಿಯನ್ನೇ ನೋಡಿದಳು, ಇಂಥದ್ದೂ ಉಂಟೇ ಎಂಬಂತೆ.

"ಎರಡಕ್ಕೂ ಏನಯ್ಯಾ ಸಂಬಂಧ? ಕೆಲಸ ಹೋಗುತ್ತೆ, ಗೊತ್ತಿದೆಯಾ?"

"ಗೊತ್ತು."

"ಕೊನೇ ಸಲ ಹೇಳ್ತಿದ್ದೀನಿ. ಕೂರಿಸು."

"ಕೂರಿಸಲ್ಲ."