ರಾಣಿ ಪಾರ್ಟಿನ ಗಂಟಲು

೧೯೪೪ರ ಮೇ ೧೪, ಭಾನುವಾರ, ಬೆಳಿಗ್ಗೆ ಎಂಟೂಕಾಲು. ಹಲಸೂರು ಠಾಣೆಗೆ ದೂರು ಕೊಡಲು ಬಂದವಳಿಗೆ ಮಾತೇ ಹೊರಡುತ್ತಿರಲಿಲ್ಲ. ನಾಟಕ ಕಂಪನಿಯಲ್ಲಿ ರಾಣಿ ಪಾರ್ಟು ಮಾಡುವ ಮೆಹರುನ್ನೀಸಾ ಕುತ್ತಿಗೆಗೆ ಶಾಲು ಸುತ್ತಿಕೊಂಡು ನಿಂತಿದ್ದಳು. ಹೇಳಿಕೆ ಕೊಟ್ಟವಳು ತಾಯಿ ಖುರ್ಷೀದಾ.

"ಬೀಡಾದಾಗೆ ಸಿಂಧೂರ ಹಾಕಿ ತಿನ್ಸಿದಾರೆ ಸಾಬ್. ನಿನ್ನೆ ಆಟದ ಮಧ್ಯ ಆವಾಜ್ ಪೂರಾ ಹೋಯ್ತು. ಇವಳ ಆವಾಜ್ ಬಿಟ್ರೆ ನಮ್ದುಕೆ ಏನೈತೆ?"

ಸಿಂಧೂರ ತಿನ್ನಿಸಿ ಗಂಟಲು ಕೆಡಿಸುವ ಮಾತನ್ನು ಸಬ್‌ಇನ್‌ಸ್ಪೆಕ್ಟರ್ ಬೈಲಪ್ಪ ಕೇಳಿದ್ದ, ನಂಬಿರಲಿಲ್ಲ. ಈ ತಾಯಿಯನ್ನೂ ನಂಬಲಿಲ್ಲ. ಗಂಟಲು ಬೆಂದಂತಿದೆ, ಧ್ವನಿ ಮರಳುವ ಭರವಸೆ ಕೊಡಲಾರೆ ಎಂದು ಡಾಕ್ಟರು ಬರೆದುಕೊಟ್ಟ ಮೇಲೆಯೇ ಎಫ್‌ಐಆರ್ ಆಯಿತು.

ಹನ್ನೊಂದಕ್ಕೆ ಬಣ್ಣದ ಕೋಣೆಯಲ್ಲಿ ಪಂಚನಾಮೆ. ಸಖಿ ಪಾರ್ಟಿನ ಗೋವಿಂದಮ್ಮನ ಟ್ರಂಕಿನಲ್ಲಿ ಸಿಂಧೂರದ ಪೊಟ್ಟಣ ಸಿಕ್ಕಿತು. ಕಂಪನಿಯವರೆಲ್ಲ ಅವಳತ್ತ ತಿರುಗಿದರು.

"ಬೀಡಾ ಕಟ್ಟಿದ್ದು ಯಾರು?"

"ನಾನೇ. ದಿನಾ ನಾನೇ ಕಟ್ಟಿ ಕನ್ನಡಿ ಮುಂದೆ ಇಡ್ತೀನಿ. ನಿನ್ನೆ ರಾತ್ರಿ ಎಂಟೂವರೆಗೆ ಹಾಕ್ಕೊಂಡ್ಳು."

"ಸಿಂಧೂರ?"

"ಬಣ್ಣದ ಪೆಟ್ಟಿಗೇಲಿ ಯಾರ ಕೈಗಾದ್ರೂ ಸಿಗುತ್ತೆ ಸ್ವಾಮಿ. ವಿಷ ಹಾಕಿದೋಳು ಉಳಿದಿದ್ದನ್ನ ಟ್ರಂಕಲ್ಲಿಟ್ಟು ನಿಮ್ಮ ದಾರಿ ಕಾಯ್ತಾಳಾ?"

ಕಾನ್‌ಸ್ಟೇಬಲ್ ಅಕ್ತರ್ ನಕ್ಕ. ಬೈಲಪ್ಪ ನಗಲಿಲ್ಲ. ಜಾಣೆಯಾದವಳೂ ಹೀಗೇ ಮಾತಾಡಬಹುದು.

"ಅವಳು ಬಿದ್ದರೆ ರಾಣಿ ಪಾರ್ಟು ನಿನಗೇ ತಾನೇ?"

"ಹಂಗಂತ ನಾನೂ ಅಂದ್ಕೊಂಡಿದ್ದೆ. ಬಂತಾ? ಮೇಷ್ಟ್ರು ಸೀರೆ ಉಟ್ಕೊಂಡು ನಿಂತ್ರು!"

ಮೇಷ್ಟ್ರು ಎಂದರೆ ಮುನಿಕೃಷ್ಣಪ್ಪ. ಇಪ್ಪತ್ತು ವರ್ಷ ರಾಣಿಯಾಗಿ ಮೆರೆದವನು. ಎರಡು ವರ್ಷದ ಹಿಂದೆ ಮೆಹರುನ್ನೀಸಾ ಬಂದಾಗಿನಿಂದ ಮಂತ್ರಿ. ಕನ್ನಡ ಓದಲು ಬಾರದ ಅವಳಿಗೆ ಮಾತು, ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಸಿದವನೂ ಅವನೇ. ಅವನ ಮೂಗಿನ ಕೆಳಗಿನ ಚರ್ಮ ಮಾತ್ರ ಬೆಳ್ಳಗಿತ್ತು.

"ಮೀಸೆ ಯಾವಾಗ ತೆಗೆಸಿದ್ರಿ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ತುಟಿ ಮುಟ್ಟಿಕೊಂಡ.

"ನಿನ್ನೆ ರಾತ್ರಿ. ಒಂಬತ್ತೂವರೆಗೆ ಅವಳ ಗಂಟಲು ಕಟ್ತು. ಕಂಪನಿ ಯಜಮಾನ್ರು ನೀವೇ ನಿಲ್ಲಿ ಅಂದ್ರು. ಬಜಾರಿನ ಕ್ಷೌರದವನನ್ನ ಕರೆಸ್ದೆ."

ಸಂಜೆ ನಾಲ್ಕಕ್ಕೆ ಬೈಲಪ್ಪ ಆ ಅಂಗಡಿಯ ಮುಂದಿದ್ದ.

"ರಾತ್ರಿಯಾ? ಇಲ್ಲ ಸಾರ್," ಎಂದ ಕ್ಷೌರದವನು ಕತ್ತಿ ಮಸೆಯುತ್ತ. "ಶನಿವಾರ ಮಧ್ಯಾಹ್ನ ಮೂರೂವರೆಗೇ ಬಂದಿದ್ರು. ಅಪ್ಪ ಅಮ್ಮ ಸತ್ರೆ ತಾನೇ ಮೀಸೆ ತೆಗೆಸೋದು? ಯಾರು ಹೋದ್ರಣ್ಣಾ ಅಂದೆ. 'ಮಂತ್ರಿ ಹೋದ' ಅಂತ ನಕ್ರು."

ಬೀಡಾ ಬಾಯಿಗೆ ಬಿದ್ದದ್ದು ಎಂಟೂವರೆಗೆ. ಆ ರಾತ್ರಿ ಮಂತ್ರಿಗೆ ಮೀಸೆ ಬೇಕಾಗುವುದಿಲ್ಲವೆಂದು ಐದು ಗಂಟೆ ಮೊದಲೇ ಒಬ್ಬನಿಗೆ ಗೊತ್ತಿತ್ತು.

ಐದೂ ಇಪ್ಪತ್ತಕ್ಕೆ ಮುನಿಕೃಷ್ಣಪ್ಪನ ದಸ್ತಗಿರಿಯಾಯಿತು. ಶನಿವಾರ ಒಂಬತ್ತೂವರೆಯವರೆಗೆ ಅಂಟುಮೀಸೆ ಹಚ್ಚಿಕೊಂಡು ಎಲ್ಲರ ಕಣ್ಣು ತಪ್ಪಿಸಿದ್ದೆ, ಗೋವಿಂದಮ್ಮನ ಟ್ರಂಕಿಗೆ ಪೊಟ್ಟಣ ಹಾಕಿದ್ದೂ ನಾನೇ ಎಂದು ಒಪ್ಪಿಕೊಂಡ.

ಸುದ್ದಿ ತಿಳಿದು ಮೆಹರುನ್ನೀಸಾ ಠಾಣೆಗೆ ಓಡಿಬಂದಳು. ಲಾಕಪ್ಪಿನ ಕಂಬಿ ಹಿಡಿದು ತುಟಿ ಆಡಿಸಿದಳು. ಬರೀ ಗಾಳಿ.

"ಏನಂತಾಳೆ?" ಎಂದ ಅಕ್ತರ್.

ಆ ತುಟಿಗಳಿಗೆ ಒಂದೊಂದೇ ಮಾತು ಕಲಿಸಿದವನಿಗೆ ದನಿ ಬೇಕಾಗಿರಲಿಲ್ಲ.

"ಯಾಕೆ ಮೇಷ್ಟ್ರೇ ಅಂತಾಳೆ." ಅವನು ಅವಳತ್ತ ನೋಡಿದ. "ನೀನು ಬಂದ ದಿನ ಯಜಮಾನ್ರು, ಇನ್ನು ಮೀಸೆ ಬಿಡಿ ಅಂದ್ರು. ಬಿಟ್ಟೆ. ನಾನು ಹೇಳ್ಕೊಟ್ಟ ಹಾಡಿಗೆ ಜನ ನಿನಗೆ ಒನ್ಸ್‌ಮೋರ್ ಕೂಗೋರು. ಪರದೆ ಹಿಂದೆ ನಿಂತು ಕೇಳ್ತಿದ್ದೆ. ಇನ್ನೊಂದೇ ಒಂದು ರಾತ್ರಿ ಬೇಕಿತ್ತಮ್ಮ."

"ಸಿಕ್ತಲ್ಲ," ಎಂದ ಬೈಲಪ್ಪ.

"ಸಿಕ್ತು ಸಾರ್. ನಾನು ಬಾಯಿ ತೆಗೆಯೋ ಮುಂಚೇನೇ ಜನ ನಕ್ಕುಬಿಟ್ರು."